ಹನೂರು ಎಂದು ಕೂಗಲು ಕಲಿತದ್ದು

ಹುಡುಗನಾಗಿದ್ದಾಗ ನಾನು ಬಸ್ಸಿನಲ್ಲಿ ಸರಿಯಾದ ಊರಿಗೆ ಟಿಕೆಟ್ ತೆಗೆದುಕೊಂಡದ್ದೇ ಕಡಿಮೆ. ನಮ್ಮ ಊರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ, ಕಾಮಗೆರೆಯಲ್ಲಿ ಇಳಿದು ಹೊಲದ ನಡುವೆ ಸ್ವಲ್ಪ ದೂರ ನಡೆದರೆ ಸಿಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ವಾರವೆಲ್ಲ ಕೊಳ್ಳೇಗಾಲದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಊರಿಗೆ ಹೊರಡುತ್ತಿದ್ದೆ. ಬಸ್ಸು ಊರಾಚೆಗೆ ಬರುವಷ್ಟರಲ್ಲಿ ಕಂಡಕ್ಟರ್ ಹತ್ತಿರ ಬಂದು, "ಎಲ್ಗೆ ಓಗ್ಬೇಕ್ಲಾ?" ಎನ್ನುತ್ತಿದ್ದ. ಕಾಮಗೆರೆಯ 'ಕಾ' ನನ್ನ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕ್, ಕ್ ಎಂದು ನಾನು ತಿಣುಕುವುದನ್ನು ನೋಡಲು ಮುಂದಿನ ಸೀಟಿನವರು ಹಿಂದೆ ತಿರುಗುತ್ತಿದ್ದರು, ಹಿಂದಿನವರು ಕತ್ತು ಚಾಚುತ್ತಿದ್ದರು.

ನನಗೆ ಉಗ್ಗು. ಮಾತು ಕಲಿತಾಗಿನಿಂದ ಇದ್ದದ್ದು. ಎಲ್ಲ ಅಕ್ಷರಗಳೂ ಕಾಟ ಕೊಡುತ್ತಿರಲಿಲ್ಲ. 'ಮ' ಸಲೀಸು, ತುಟಿ ಮುಚ್ಚಿ ಮೂಗಿನಲ್ಲಿ ಸ್ವಲ್ಪ ಗುಂಯ್ ಅಂದರೆ ಹೊರಗೆ ಜಾರಿ ಬರುತ್ತಿತ್ತು. ಹಾಗಾಗಿ ನಾನು "ಮಧುವನಹಳ್ಳಿ" ಎಂದುಬಿಡುತ್ತಿದ್ದೆ. ಮಧುವನಹಳ್ಳಿ ಕೊಳ್ಳೇಗಾಲ ಬಿಟ್ಟ ಸ್ವಲ್ಪ ಹೊತ್ತಿಗೇ ಬರುತ್ತದೆ. ಅಲ್ಲಿ ಇಳಿದು, ಬಸ್ಸು ಮರೆಯಾಗುವವರೆಗೆ ಯಾರಿಗೋ ಕಾಯುವವನಂತೆ ನಿಂತು, ಆಮೇಲೆ ಮನೆಯವರೆಗೂ ನಡೆಯುತ್ತಿದ್ದೆ.

ಆ ನಡಿಗೆ ನನಗೆ ಬೇಸರವಾಗಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಒಂಟಿಯಾಗಿದ್ದಾಗ ನನಗೆ ಉಗ್ಗು ಇರುತ್ತಿರಲಿಲ್ಲ. ರಸ್ತೆಯ ಎರಡು ಕಡೆಯ ಹುಣಸೆ ಮರಗಳಿಗೆ, ಹಿಪ್ಪುನೇರಳೆ ತೋಟಗಳಿಗೆ ಕೇಳುವಂತೆ ನಾನು ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದೆ. ಮೇಷ್ಟ್ರು ಕೇಳಿದಾಗ ಹೇಳಲಾಗದ ಉತ್ತರ, ಹಾಸ್ಟೆಲ್ಲಿನಲ್ಲಿ ಅಣಕಿಸಿದವನಿಗೆ ಕೊಡಲಾಗದ ಬೈಗುಳ, ಎಲ್ಲವೂ ಆ ರಸ್ತೆಯಲ್ಲಿ ಒಂದೂ ತಡವರಿಸದೆ ಬರುತ್ತಿದ್ದವು. ಎದುರಿಗೆ ಒಂದು ಎತ್ತಿನ ಗಾಡಿ ಕಂಡರೆ ಸಾಕು, ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಅವ್ವನಿಗೆ ನನ್ನ ಕಾಲಿನ ಧೂಳು ನೋಡಿಯೇ ಅನುಮಾನ ಬಂದಿತ್ತು. "ಬಸ್ಸು ಸಿಕ್ನಿಲ್ವಾ ಮೊಗಾ?" ಎಂದು ಕೇಳಿದಾಗಲೆಲ್ಲ ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಒಂದು ದಿನ ನಮ್ಮೂರಿನವರೇ ಯಾರೋ, "ನಿನ್ ಮಗ ಮದ್ವನಳ್ಳೀಲಿ ಇಳ್ಕಂಡು ನಡ್ಕಂಡ್ ಬತ್ತನಲ್ಲಮ್ಮಾ, ಬಸ್ಸು ಮುಂದ್ಕೇ ಬತ್ತದೆ" ಎಂದು ಹೇಳಿದರು. ಅವ್ವ ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ಶನಿವಾರ ಹಾಸ್ಟೆಲ್ಲಿನ ಬಾಗಿಲಿಗೆ ಬಂದು ನಿಂತಿದ್ದಳು. ರೇಷ್ಮೆ ಗೂಡು ಮಾರಲು ಮಾರ್ಕೆಟ್ಟಿಗೆ ಬಂದಿದ್ದೆ ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ನನಗಿಂತ ಮುಂಚೆಯೇ ಕೈ ಚಾಚಿ, "ಕಾಮ್ಗೆರೆ, ಎರ್ಡು ಕೊಡಪ್ಪ" ಎಂದಳು. ಕಿಟಕಿಯ ಕಡೆ ತಿರುಗಿ ಕೂತ ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಔಷಧಗಳೇನೂ ಕಡಿಮೆಯಾಗಿರಲಿಲ್ಲ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರು. ಬಾಯಿಯಲ್ಲಿ ಹೊಳೆಯ ಕಲ್ಲು ಇಟ್ಟುಕೊಂಡು ಪಾಠ ಓದಿಸಿದರು. ಒಂದು ಕಲ್ಲು ನುಂಗಿದ ಮೇಲೆ ಅದು ನಿಂತಿತು. ಬೆಟ್ಟಕ್ಕೆ ಹೋಗಿ ಮುಡಿಯನ್ನೂ ಕೊಟ್ಟು ಬಂದೆವು. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ನಾನು ಕೈ ಎತ್ತಿದರೆ ಸಾಕೆಂದು ಮೇಷ್ಟ್ರು ಬಿಟ್ಟುಬಿಟ್ಟಿದ್ದರು. ಅದು ಅವರ ಒಳ್ಳೆಯತನವೇ. ಆದರೂ ಎಲ್ಲರೂ ಒಬ್ಬೊಬ್ಬರಾಗಿ "ಬಂದಿದ್ದೀನಿ ಸಾ" ಎನ್ನುತ್ತಾ ಹೋಗಿ ನನ್ನ ಸರದಿಯಲ್ಲಿ ತರಗತಿ ಒಂದು ಕ್ಷಣ ಸುಮ್ಮನಾಗುವುದು ನನಗೆ ಇಂದಿಗೂ ನೆನಪಿದೆ.

ಇಂಥವನಿಗೆ ಬಸ್ ಕಂಡಕ್ಟರ್ ಆಗಬೇಕೆಂಬ ಆಸೆ ಹುಟ್ಟಿತು.

ಆಗ ಆ ದಾರಿಯಲ್ಲಿ ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಂತ ಬಸ್ಸುಗಳ ಕಂಡಕ್ಟರುಗಳು ಪೈಪೋಟಿಯಲ್ಲಿ ಕೂಗುತ್ತಿದ್ದರು. ಅವರಲ್ಲಿ ಬಂಡಳ್ಳಿ ಬಸ್ಸಿನ ಕಂಡಕ್ಟರನ ಗಂಟಲೇ ಬೇರೆ. ಕಪ್ಪು ದಾರದ ಸೀಟಿಯನ್ನು ಬೆರಳಿಗೆ ಸುತ್ತುತ್ತಾ, ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ನಿಂತು "ಅನೂರ್ ಅನೂರ್ ಅನೂರ್" ಎಂದು ಎಳೆದನೆಂದರೆ ಹೋಟೆಲ್ಲಿನಲ್ಲಿ ಕೂತವರು ಅರ್ಧ ಕಾಫಿ ಬಿಟ್ಟು ಎದ್ದು ಬರುತ್ತಿದ್ದರು. ನಮ್ಮ ಕಡೆ ಹಕಾರ ಯಾರ ಬಾಯಲ್ಲೂ ಇಲ್ಲ. ಹನೂರು ಎಂದು ಬೋರ್ಡಿನಲ್ಲಿ ಬರೆದಿದ್ದರೂ ಜನಕ್ಕೆ ಅದು ಅನೂರೇ. ಒಬ್ಬ ಮನುಷ್ಯ ಬರೀ ಊರಿನ ಹೆಸರು ಹೇಳಿ ಅಷ್ಟು ಜನರನ್ನು ಕರೆಯಬಲ್ಲ ಎನ್ನುವುದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಊರಿನ ಹೆಸರು ಹೇಳಲಾಗದೆ ನಡೆದವನಿಗೆ ಬೇರೆ ಯಾವ ಕೆಲಸವೂ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ಹೇಳಿದೆ. ಹೇಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅಪ್ಪ ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಾ ಕೂತಿದ್ದ. ನಾನು ಮುಗಿಸಿದ ಮೇಲೆ, "ಅದು ಬಾಯಿರೋರ ಕೆಲ್ಸ ಕಣ್ಲಾ. ರೇಷ್ಮೆ ಆಫೀಸಲ್ಲಿ ಕೇಳ್ತೀನಿ, ಅಲ್ಲಿ ಗೂಡು ತೂಗೋದು, ಬರ್ಯೋದು. ಮಾತಾಡೋ ಅಂಗಿಲ್ಲ" ಎಂದ. ಅವನು ಗೇಲಿ ಮಾಡಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಅವನು ಬಹಳ ಮೆತ್ತಗೆ ಹೇಳಿದ. ಆದರೂ ನಾನು ಇಲ್ಲವೆಂದು ತಲೆಯಾಡಿಸಿದೆ.

ಬಂಡಳ್ಳಿ ಬಸ್ಸಿನ ಡ್ರೈವರನ ಹತ್ತಿರ ಹೋದೆ. ಬಂಡಳ್ಳಿಯವನೇ. ದಪ್ಪ ಆಳು, ಸದಾ ಬಾಯಲ್ಲಿ ಎಲೆಅಡಿಕೆ, ಮಾತು ಅಪರೂಪ. ನನ್ನ ಆಸೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿ ಹಿಂದಕ್ಕೆ ಕೊಟ್ಟು, "ಬಾಯಲ್ಲೇ ಏಳು" ಎಂದು ಸ್ಟೇರಿಂಗಿನ ಮೇಲೆ ಕೈ ಇಟ್ಟು ಕೂತ. ಹೇಳಿದೆ. ಎಲ್ಲವನ್ನೂ ಕೇಳಿ ಕಿಟಕಿಯಿಂದ ಉಗುಳಿ, "ಮೇಲ್ಗಡೆ ಲಗೇಜ್ ಏರ್ಸಕ್ಕೆ ಒಬ್ಬ ಬೇಕು. ಬಾ, ಮುಂದ್ಲುದ್ದು ಮುಂದೆ ನೋಡ್ಮ" ಎಂದ. ಮಾಲೀಕರನ್ನೂ ಅವನೇ ಒಪ್ಪಿಸಿದ.

ಹಾಗೆ ನಾನು ಬಸ್ಸಿನ ನೆತ್ತಿಗೆ ಸೇರಿದೆ. ರಾಗಿ ಚೀಲ, ಬಾಳೆಗೊನೆ, ಗೂಡಿನ ಮೂಟೆ, ಒಮ್ಮೊಮ್ಮೆ ಕಾಲು ಕಟ್ಟಿದ ಮೇಕೆ. ಏಣಿ ಹತ್ತಿ ಇಳಿದು ತೋಳು ಗಟ್ಟಿಯಾಯಿತು. ಮೇಲೆ ಕೂತು ಹೋಗುವಾಗ ಎದುರಿನ ಬೆಟ್ಟಗಳ ನೀಲಿ ದಿನದಿನಕ್ಕೂ ಬೇರೆ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ನಾನು ಮಧುವನಹಳ್ಳಿ, ದೊಡ್ಡಿಂದುವಾಡಿ, ಕಾಮಗೆರೆ, ಹನೂರು, ಬಂಡಳ್ಳಿ ಎಂದು ಕೂಗಿಕೊಳ್ಳುತ್ತಿದ್ದೆ. ಕೆಳಗೆ ಇಳಿದರೆ ಮತ್ತೆ ಮೂಕ.

ಕೆಲವು ತಿಂಗಳು ಕಳೆದವು. ಒಂದು ಸಂತೆಯ ದಿನ ಕಂಡಕ್ಟರ್ ನೆಂಟರ ಮದುವೆಗೆ ಹೋಗಿದ್ದ. ಅವನ ಬದಲಿಗೆ ಬಂದ ವಯಸ್ಸಾದ ಕಂಡಕ್ಟರಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. "ಟಿಕೆಟ್ ನಾನು ಅರೀತೀನಿ. ನೀನು ಕೂಗು" ಎಂದು ಆತ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ. ಪಕ್ಕದ ಬಸ್ಸಿನವನು ಆಗಲೇ "ಅನೂರ್ ಅನೂರ್" ಎಂದು ಶುರುಮಾಡಿದ್ದ. ನಾನು ಕಂಬಿ ಹಿಡಿದು ಬಾಯಿ ತೆರೆದೆ. 'ಅ' ಬರಲಿಲ್ಲ. ಗಂಟಲಿನಲ್ಲಿ ಯಾರೋ ಬಾಗಿಲು ಹಾಕಿಕೊಂಡಂತೆ. ಒತ್ತಿದಷ್ಟೂ ಬಿಗಿಯಿತು. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ದವಡೆ ಅದುರತೊಡಗಿತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಅಂಗೈಗೆ ಏನೋ ತಣ್ಣಗೆ ತಾಗಿ ಕಣ್ಣು ಬಿಟ್ಟೆ. ಒಬ್ಬ ಮುದುಕಿ ತನ್ನ ಬೀಗದ ಕೈ ಗೊಂಚಲನ್ನು ನನ್ನ ಮುಷ್ಟಿಯೊಳಗೆ ತುರುಕುತ್ತಿದ್ದಳು. ಸುತ್ತ ಜನ ಸೇರಿದ್ದರು.

"ಕಬ್ಬಿಣ ಬುಡ್ಬೇಡ ಕಣಪ್ಪ, ಗಟ್ಟಿಯಾಗಿ ಇಡ್ಕೊ" ಎಂದಳು ಆಕೆ. ನನಗೆ ಮೂರ್ಛೆ ರೋಗವೆಂದುಕೊಂಡಿದ್ದಳು.

ಬೀಗದ ಕೈ ಅವಳಿಗೆ ಕೊಟ್ಟು, ಏಣಿ ಹತ್ತಿ ಮೇಲೆ ಹೋಗಿ ಮೂಟೆಗಳ ನಡುವೆ ಮಲಗಿಬಿಟ್ಟೆ. ಅವತ್ತು ನಮ್ಮ ಬಸ್ಸು ಅರ್ಧ ಖಾಲಿ ಹೋಯಿತು. ಕಾಮಗೆರೆ ಬಂದರೂ ನಾನು ಇಳಿಯಲಿಲ್ಲ. ಬಂಡಳ್ಳಿಯಲ್ಲಿ ಜನವೆಲ್ಲ ಇಳಿದ ಮೇಲೆ ಡ್ರೈವರ್ ಬಸ್ಸಿನ ಸುತ್ತ ಒಂದು ಸುತ್ತು ಬಂದು, ಚಕ್ರಗಳನ್ನು ಒದ್ದು ನೋಡಿ, ಮೇಲೆ ತಲೆಯೆತ್ತಿ ಕೇಳಿದ.

"ನಾಳೀಕ್ ಬತ್ತಿಯಾ?"

ನಾನು ಮೇಲಿನಿಂದ "ಹೂಂ" ಎಂದೆ.

"ಸರಿ ಮತ್ತೆ. ಇಳ್ದು ಬಾ, ಉಣ್ಣು ಬಾ" ಎಂದು ಅವನ ಮನೆಗೆ ಕರೆದುಕೊಂಡು ಹೋದ.

ಕಂಡಕ್ಟರ್ ಲೈಸೆನ್ಸಿಗೆ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಆ ಸಂತೆಯ ದಿನ ಕಳೆದು ಸ್ವಲ್ಪ ಕಾಲಕ್ಕೆ ಧೈರ್ಯ ಮಾಡಿ ಹೋದೆ. ಡಾಕ್ಟರು ಕಣ್ಣು, ಕಿವಿ, ಎದೆ ನೋಡಿ ಹೆಸರು ಕೇಳಿದರು. ನನ್ನ ಹೆಸರಿನ ಮೊದಲ ಅಕ್ಷರವೇ ನನಗೆ ಎಲ್ಲಕ್ಕಿಂತ ಕಷ್ಟದ್ದು. ಊರಿನ ಹೆಸರಾದರೆ ಬೇರೆ ಊರು ಹೇಳಬಹುದು, ಸ್ವಂತ ಹೆಸರಿಗೆ ಬದಲಿ ಎಲ್ಲಿಂದ ತರುವುದು? ನಾನು ಒದ್ದಾಡುವುದನ್ನು ನೋಡಿ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಬೇಜಾರು ಮಾಡ್ಕೋಬೇಡಪ್ಪ. ಬಸ್ಸಿನ ಬ್ರೇಕ್ ಹೋಯ್ತು ಅಂತಿಟ್ಕೋ. ಒಳಗಿರೋ ಜನಕ್ಕೆ ಅದನ್ನ ಹೇಳೋಕೆ ನಿನಗೆ ಎಷ್ಟು ಹೊತ್ತು ಬೇಕು?"

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಅದೇ ಹೆಚ್ಚು ನೋಯಿಸಿತು. ಊರಿಗೆ ಬಂದು ಅವ್ವನಿಗೆ ಮಾತ್ರ ಹೇಳಿದೆ. ಆಕೆ ಹುಳುಮನೆಯಲ್ಲಿ ರೇಷ್ಮೆ ಹುಳುಗಳ ತಟ್ಟೆ ತೆಗೆದು ಸೊಪ್ಪು ಹಾಕುತ್ತಿದ್ದಳು. ಕೆಲಸ ನಿಲ್ಲಿಸದೆ, "ಈ ಉಳ ಪೊರೆ ಬುಡೋ ಮುಂದೆ ಜ್ವರಕ್ಕೆ ಓಗಿ ಓಗಿ ಏಳ್ತದೆ. ಆಗ ಸೊಪ್ಪೂ ತಿನ್ನಾಕಿಲ್ಲ, ಅಳ್ಳಾಡಾಕೂ ಇಲ್ಲ. ಸತ್ತೋಯ್ತು ಅಂತ ಆಚ್ಗೆ ಎಸ್ದುಬುಟ್ರೆ ಗೂಡು ಎಲ್ಲಿಂದ ಬತ್ತದೆ?" ಎಂದಳು. ಆಮೇಲೆ ನನ್ನ ಕೈಗೆ ಒಂದು ಬುಟ್ಟಿ ಕೊಟ್ಟು ತೋಟದಿಂದ ಸೊಪ್ಪು ತರಲು ಕಳಿಸಿದಳು.

ಅಂದಿನಿಂದ ಬೆಳಗಿನ ಹೊತ್ತು ಹುಳುಗಳಿಗೆ ಸೊಪ್ಪು ಹಾಕುವುದು ನನ್ನ ಕೆಲಸವಾಯಿತು. ಸೊಪ್ಪು ಹಾಕುತ್ತಾ ಪ್ರತಿ ತಟ್ಟೆಯ ಎದುರೂ ಒಂದೊಂದು ಊರಿನ ಹೆಸರು ಕೂಗುತ್ತಿದ್ದೆ. ಎದುರಿಗೆ ಯಾರೋ ಇದ್ದಾರೆ ಎಂದುಕೊಂಡು ಕೂಗಬೇಕು, ಆದರೆ ಅವರು ನಗಬಾರದು. ಅಂಥವರು ಅಲ್ಲಿ ಸಾವಿರಗಟ್ಟಲೆ ಇದ್ದರು. ಹುಳುಗಳು ಜ್ವರದಲ್ಲಿದ್ದಾಗ ಮಾತ್ರ ಅವ್ವ ಬಾಗಿಲಿಂದಲೇ ಕೈ ಸನ್ನೆ ಮಾಡಿ ನನ್ನನ್ನು ಸುಮ್ಮನಾಗಿಸುತ್ತಿದ್ದಳು.

ಹೀಗೆ ಒಂದು ಬೆಳಿಗ್ಗೆ ಹೊತ್ತಾಗಿದ್ದು ತಿಳಿಯಲಿಲ್ಲ. ಬಂಡಳ್ಳಿಯಿಂದ ಬರುವ ನಮ್ಮ ಬಸ್ಸಿನ ಹಾರ್ನ್ ಕೇಳಿಸಿತು. ಬುಟ್ಟಿ ಬಿಸಾಕಿ ಹೊಲದ ಬದುವಿನ ಮೇಲೆ ಓಡಿದೆ. ನಾನು ರಸ್ತೆ ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಕನ್ನಡಿಯಲ್ಲಿ ನೋಡಿದ ಡ್ರೈವರ್ ಮುಂದೆ ಹೋಗಿ ನಿಲ್ಲಿಸಿದ. ಏದುಸಿರು ಬಿಡುತ್ತಾ ಹತ್ತಿದೆ. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ, "ಯಾಕ್ಲಾ ಇಷ್ಟೊತ್ತು?" ಎಂದ.

"ಹುಳಕ್ಕೆ ಸೊಪ್ಪು ಹಾಕ್ತಿದ್ದೆ, ಹೊತ್ತಾಗಿದ್ದು ಗೊತ್ತಾಗಲಿಲ್ಲ" ಎಂದೆ.

ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ನೋಡುವಂಥದ್ದು ಏನೂ ಆಗಿರಲಿಲ್ಲ, ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಟ್ಟಿದ್ದ. ಕಂಡಕ್ಟರ್ ಮಾತ್ರ, "ಏನ್ಲಾ, ಉಳ ಅನ್ನೋಕೆ ಹುಳ ಅಂತೀಯ. ಮೇಷ್ಟ್ರಾಗೋದ್ಯಾ?" ಎಂದು ನಕ್ಕ. ನಾನು ಕಂಬಿ ಹಿಡಿದುಕೊಂಡು ನಿಂತೇ ಇದ್ದೆ. ಒಂದು ಪೂರ್ತಿ ವಾಕ್ಯ ಜನರ ನಡುವೆ ನನ್ನ ಬಾಯಿಂದ ಬಂದಿತ್ತು. ಹೇಗೆ ಬಂತು ಎಂದು ಕೊಳ್ಳೇಗಾಲ ತಲುಪುವವರೆಗೆ ಯೋಚಿಸಿದೆ. ಓಡಿ ಬಂದಿದ್ದರಿಂದ ಮಾತಿಗಿಂತ ಮುಂಚೆ ಉಸಿರು ಹೊರಗೆ ಬರುತ್ತಿತ್ತು. ಆ ಉಸಿರಿನ ಬೆನ್ನ ಮೇಲೆ ಮಾತು ಹೊರಟಿತ್ತು. ಅದು ಹಕಾರ. ನಮ್ಮ ಕಡೆಯವರೆಲ್ಲ ಬಿಟ್ಟುಬಿಟ್ಟಿದ್ದ ಅಕ್ಷರ.

ಇದು ತಿಳಿದ ಕೂಡಲೇ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಾರನೆಯ ದಿನ ಹುಳುಮನೆಯಲ್ಲಿ ಬಂತು, ಬಸ್ಸಿನಲ್ಲಿ ಬರಲಿಲ್ಲ. ಓಡಿ ಬಂದು ಹೇಳಿದರೆ ಬರುತ್ತಿತ್ತು, ನಿಂತು ಹೇಳಿದರೆ ಇಲ್ಲ. ಹೇಳುವ ಮುಂಚೆ ಪ್ರತಿ ಸಲವೂ ಓಡಲಾಗುತ್ತದೆಯೇ? ಮೊದಲು ತೋಟದ ಸುತ್ತ ಓಡಿ ಬಂದು ಕೂಗಿದೆ. ಆಮೇಲೆ ಓಡದೆ, ಓಡಿದವನಂತೆ ಉಸಿರು ಬಿಟ್ಟು ಕೂಗಿದೆ. ಹನೂರು ಬಂತು. ಕಾಮಗೆರೆಗೆ ಉಸಿರು ಹಾಕುವಾಗ ಹ್ಕಾಮಗೆರೆ ಎಂದಾಗುತ್ತಿತ್ತು. ಅದನ್ನು ತಿದ್ದುವಷ್ಟರಲ್ಲಿ ಎರಡು ಬೆಳೆ ಹುಳು ಮೇಯ್ದು ಗೂಡಾದವು. ನಡುವೆ ಎಷ್ಟೋ ದಿನ ಸಾಕಾಗಿ ಬುಟ್ಟಿ ಒದ್ದಿದ್ದೇನೆ. ಅಪ್ಪ ಹಿತ್ತಲಿನಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದನೆಂದು ನನಗೆ ಆಗ ಗೊತ್ತಿರಲಿಲ್ಲ. ಅವ್ವ ಬಹಳ ವರ್ಷಗಳ ಮೇಲೆ ಹೇಳಿದಳು.

ಒಂದು ಸಂತೆಯ ದಿನ, ಕಂಡಕ್ಟರ್ ಕಾಫಿ ಕುಡಿಯಲು ಹೋಗಿದ್ದಾಗ, ಯಾರೂ ಹೇಳದೆ ನಾನೇ ಮೆಟ್ಟಿಲ ಮೇಲೆ ಹೋಗಿ ನಿಂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಉಸಿರು ಬಿಟ್ಟು ಕೂಗಿದೆ.

"ಹನೂರ್... ಹನೂರ್... ಕಾಮಗೆರೆ, ಹನೂರ್, ಬಂಡಳ್ಳಿ..."

ಒಬ್ಬ ಮುದುಕ ಕೋಲೂರಿಕೊಂಡು ಹತ್ತಿರ ಬಂದ. "ಇದು ಎಲ್ಗೆ ಓಗೋ ಬಸ್ಸು ಸಾಮಿ?"

"ಹನೂರಿಗೆ."

"ಅನೂರ್ಗೆ ಓಗಾಕಿಲ್ವಾ?"

"ಅಲ್ಲಿಗೇ ಕಣಯ್ಯ. ಹನೂರು."

ಮುದುಕ ಅನುಮಾನದಿಂದ ಬೋರ್ಡು ನೋಡಿದ, ನನ್ನನ್ನು ನೋಡಿದ. "ನಮ್ದು ಅನೂರು" ಎಂದು ಪಕ್ಕದ ಬಸ್ಸಿಗೆ ಹೋಗಿ ಹತ್ತಿದ. ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮೈ ಕುಲುಕುವಂತೆ ನಗುತ್ತಿದ್ದ. ಅವನು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನನಗೂ ನಗು ಬಂತು. ನಗುತ್ತಲೇ ಮತ್ತೆ ಕೂಗಿದೆ. ಬಸ್ಸು ತುಂಬಿತು.

ಆಮೇಲೆ ಅದೇ ಡಾಕ್ಟರ ಹತ್ತಿರ ಹೋದೆ. ಅವರಿಗೆ ನನ್ನ ಗುರುತಿತ್ತು. ಹೆಸರು ಕೇಳಿದರು. ಉಸಿರು ಬಿಟ್ಟು, ಮೊದಲ ಅಕ್ಷರದ ಮೇಲೆ ಸ್ವಲ್ಪ ತಂಗಿ, ಹೇಳಿದೆ. ಹುಬ್ಬೇರಿಸಿ, ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಬ್ರೇಕ್ ಹೋದರೆ ಏನು ಮಾಡುತ್ತೀಯ ಎಂದು.

"ಬಾಯಲ್ಲಿ ಸೀಟಿ ಇರ್ತದೆ ಸಾ. ಬಿಡದೆ ಊದಿದ್ರೆ ಡ್ರೈವರ್ ನಿಲ್ಲಿಸ್ತಾನೆ."

"ಬ್ರೇಕೇ ಇಲ್ಲ ಅಂದೆನಲ್ಲಯ್ಯ. ಹೆಂಗೆ ನಿಲ್ಲಿಸ್ತಾನೆ?"

ನಾನು ಯೋಚಿಸಿದೆ. "ಹಂಗಾದ್ರೆ, ನೆಟ್ಟಗೆ ಮಾತಾಡೋ ಕಂಡಕ್ಟರ್ ಹೇಳಿದ್ರೂ ನಿಲ್ಲಾಕಿಲ್ಲ ಸಾ."

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ, "ಪೂರ್ತಿ ಹೋಗಿಲ್ಲ, ಅಲ್ವಾ?" ಎಂದರು. ಇಲ್ಲವೆಂದೆ. "ಹೋಗದೇ ಇರಬಹುದು" ಎನ್ನುತ್ತಾ ಸಹಿ ಮಾಡಿದರು.

ಹಳೆಯ ಕಂಡಕ್ಟರ್ ಬೇರೆ ಕಂಪನಿಯ ಬಸ್ಸಿಗೆ ಸೇರಿಕೊಂಡಾಗ ಆ ಜಾಗ ನನ್ನದಾಯಿತು. ಖಾಕಿ ಷರ್ಟು ಹಾಕಿಕೊಂಡ ಮೊದಲ ದಿನ ಅವ್ವ ಗೂಡಿನ ಮೂಟೆಯೊಂದಿಗೆ ಕಾಮಗೆರೆಯಲ್ಲಿ ಹತ್ತಿದಳು. ನಾನು "ಹೆಲ್ಲಿಗವ್ವಾ?" ಎಂದು ಕೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕೊಳ್ಳೇಗಾಲ ಕಣಪ್ಪ, ಒಂದು" ಎಂದಳು. ಅಪ್ಪ ನನ್ನ ಬಸ್ಸಿನ ಬಗ್ಗೆ ನನ್ನೊಡನೆ ಯಾವತ್ತೂ ಮಾತಾಡಲಿಲ್ಲ. ಆದರೆ ಟೀ ಅಂಗಡಿಯಲ್ಲಿ ಕೂತಿದ್ದಾಗ ದೂರದಲ್ಲಿ ಹಾರ್ನ್ ಕೇಳಿದರೆ, "ನಮ್ ಉಡ್ಗನ್ ಗಾಡಿ ಬಂತು" ಎಂದು ಪಕ್ಕದವರಿಗೆ ಹೇಳುತ್ತಾನೆಂದು ಊರಿನವರು ಹೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮಾಲೀಕರು ನಮ್ಮ ಬಸ್ಸನ್ನು ಮಧ್ಯಾಹ್ನದ ಹೊತ್ತು ಯಳಂದೂರಿಗೂ ಓಡಿಸತೊಡಗಿದರು. ಆ 'ಯ' ನನ್ನನ್ನು ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿತು. ಎಷ್ಟು ಉಸಿರು ಬಿಟ್ಟರೂ ಹ್ಯಳಂದೂರು ಎಂದೇ ಬರುತ್ತಿತ್ತು. ತಾಲ್ಲೂಕು ಆಫೀಸಿಗೆ ಹೋಗಿ ಬರುವ ಗುಮಾಸ್ತರು, ಮಾಂಬಳ್ಳಿಯಲ್ಲಿ ಹತ್ತುವ ಹೆಂಗಸರು ಎಲ್ಲರೂ ಕೆಲವೇ ದಿನಗಳಲ್ಲಿ "ಹ್ಯಳಂದೂರು ಬಸ್ಸು ಬಂತಾ?" ಎಂದು ಕೇಳಲು ಶುರುಮಾಡಿದರು. ಮೊದಲು ಮೈ ಉರಿಯಿತು. ಆಮೇಲೆ ಅದೇ ನಮ್ಮ ಬಸ್ಸಿನ ಗುರುತಾಯಿತು, ನಾನೂ ತಿದ್ದಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಯಳಂದೂರಿನ ಸ್ಟ್ಯಾಂಡಿನಲ್ಲಿ ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದ ಸೋಲಿಗರ ಯಜಮಾನರೊಬ್ಬರು ಒಮ್ಮೊಮ್ಮೆ ನೆಲ್ಲಿಕಾಯಿ ಚೀಲ ಹಿಡಿದು ಹತ್ತುತ್ತಿದ್ದರು. ಒಂದು ದಿನ ನನಗೆ ಬಹಳ ಕೆಟ್ಟ ದಿನ. ಕೆಲವು ದಿನ ಹಾಗೆಯೇ, ಏನು ಮಾಡಿದರೂ ಬರುವುದಿಲ್ಲ. ಅವರ ಮುಂದೆ ನಿಂತು ಎಲ್ಲಿಗೆ ಎಂದು ಕೇಳಲು ಹೆಣಗುತ್ತಿದ್ದೆ. ಅಂಥ ಹೊತ್ತಿನಲ್ಲಿ ಜನ ನನ್ನ ಮಾತನ್ನು ತಾವೇ ಮುಗಿಸುತ್ತಾರೆ, ಇಲ್ಲವೇ ನೋಟು ನನ್ನ ಕೈಗೆ ತುರುಕಿ ಕಿಟಕಿಯ ಆಚೆ ನೋಡುತ್ತಾರೆ. ಈ ಯಜಮಾನರು ಎರಡೂ ಮಾಡಲಿಲ್ಲ. ನನ್ನ ಮುಖವನ್ನು ನೋಡುತ್ತಾ, ನಾನು ಕೇಳಿ ಮುಗಿಸುವವರೆಗೆ ಸುಮ್ಮನೆ ಕೂತಿದ್ದರು. ಕೇಳಿ ಮುಗಿದ ಮೇಲೆ "ಕೊಳ್ಳೇಗಾಲ" ಎಂದರು, ಅಷ್ಟೇ. ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದವನು ಮತ್ತೊಮ್ಮೆ ತಿರುಗಿ ಅವರನ್ನು ನೋಡಿದೆ. ಅಷ್ಟು ವರ್ಷದಲ್ಲಿ ನನಗೆ ಹಾಗೆ ಕಾದವರು ಬಹಳ ಕಡಿಮೆ.

ಆ ದಶಕದಲ್ಲೇ ಹನೂರಿನ ಆಚೆ ಕಾಡುಗಳ್ಳರ ಭಯ ಹೆಚ್ಚಾಗಿ, ಸಂಜೆಯ ಬಸ್ಸುಗಳು ಖಾಲಿ ಓಡುತ್ತಿದ್ದವು. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ವಿಚಾರಿಸುತ್ತಿದ್ದರು. ಒಂದು ಸಂಜೆ ಬೇರೆ ಊರಿಂದ ಹೊಸದಾಗಿ ಬಂದ ಪೊಲೀಸಿನವರು ಬಸ್ಸು ನಿಲ್ಲಿಸಿ ನನ್ನ ಹೆಸರು ಕೇಳಿದರು. ಹೆಸರು ಹೇಳಲು ತಡವರಿಸುವವನನ್ನು ಆ ಕಾಲದಲ್ಲಿ ಯಾರಾದರೂ ಅನುಮಾನಿಸುತ್ತಿದ್ದರು. ಅವರ ಮುಖ ಬಿಗಿಯಾಯಿತು, ಕೆಳಗೆ ಇಳಿ ಎಂದರು. ಇಳಿದೆ. ಅಷ್ಟರಲ್ಲಿ ಬಸ್ಸಿನಲ್ಲಿದ್ದ ನಾಲ್ಕಾರು ಜನ ಕಿಟಕಿಯಿಂದ ತಲೆ ಹಾಕಿದರು.

"ಸಾ, ಅವ್ನು ನಮ್ ಕಂಡಕ್ಟ್ರು ಸಾ. ಅವ್ನ್ ಎಸ್ರು..." ಎಂದು ಒಬ್ಬ ಶುರುಮಾಡಿದ.

ನಾನು ಕೈ ಎತ್ತಿ ಅವನನ್ನು ತಡೆದೆ. ಯಾಕೆ ತಡೆದೆನೋ ಗೊತ್ತಿಲ್ಲ. ಅವನು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. "ಹಿರ್ರಪ್ಪಾ, ನಾನೇ ಹೇಳ್ತೀನಿ" ಎಂದೆ. ಡ್ರೈವರ್ ಇಂಜಿನ್ ಆರಿಸಿದ. ಪೊಲೀಸಿನವರು ಕಾದರು, ಬೇರೇನು ಮಾಡಲೂ ಅವರಿಗೆ ತೋಚಲಿಲ್ಲವೆಂದು ಕಾಣುತ್ತದೆ. ನಾನು ರಸ್ತೆಯ ಮಧ್ಯೆ ನಿಂತು ಉಸಿರು ಬಿಟ್ಟೆ, ಬರಲಿಲ್ಲ. ಮತ್ತೆ ಬಿಟ್ಟೆ. ಬಂತು. ನನ್ನ ಹೆಸರು, ಅಪ್ಪನ ಹೆಸರು, ಊರು, ಬಸ್ಸಿನ ರೂಟು, ಕೇಳದೇ ಇದ್ದದ್ದನ್ನೂ ಹೇಳಿದೆ. "ಸರಿ ಸರಿ, ಹತ್ತು" ಎಂದರು ಅವರು, ಈಗ ಮೆಲ್ಲಗೆ. ನಾನು ಕೈ ಎತ್ತಿ ತಡೆದಿದ್ದವನು ಬಂಡಳ್ಳಿಯಲ್ಲಿ ಇಳಿಯುವಾಗ ನನ್ನ ಭುಜ ತಟ್ಟಿ ಹೋದ.

ಎರಡು ಸಾವಿರದ ನಾಲ್ಕರಲ್ಲಿ ಮಾಲೀಕರು ಬಸ್ಸು ಮಾರಿದರು. ಸರ್ಕಾರಿ ಬಸ್ಸುಗಳು ಹೆಚ್ಚಾಗಿದ್ದವು, ಟೆಂಪೋಗಳು ಕರೆದಲ್ಲೆಲ್ಲ ನಿಲ್ಲುತ್ತಿದ್ದವು. ನಾನು ಹನೂರಿನಲ್ಲಿ ಒಂದು ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡೆ. ದಿನವಿಡೀ ರೈತರೊಂದಿಗೆ ಮಾತಾಡುವ ಕೆಲಸ. ಉಗ್ಗು ಈಗಲೂ ಇದೆ. ಅದು ಬರುವ ಹೊತ್ತು ನನಗೆ ಮುಂಚೆಯೇ ತಿಳಿಯುತ್ತದೆ, ಬಂದಾಗ ಅದಕ್ಕೆ ಜಾಗ ಬಿಟ್ಟು ನಿಲ್ಲುವುದನ್ನು ಕಲಿತಿದ್ದೇನೆ.

ಬಸ್ಸು ಮಾರಿದ ಕೆಲವು ದಿನಗಳ ಮೇಲೆ ಬಂಡಳ್ಳಿಗೆ ಡ್ರೈವರನ್ನು ನೋಡಲು ಹೋದೆ. ಅವನಿಗೆ ತಲೆಯೆಲ್ಲ ನೆರೆತಿತ್ತು. ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದೆವು. ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದದ್ದನ್ನು ಅವತ್ತು ಕೇಳಿದೆ.

"ಅಣ್ಣ, ಅವತ್ತು ಮಾತೇ ಬರದವನನ್ನ ಯಾಕೆ ಸೇರಿಸಿಕೊಂಡೆ? ನಾನು ಕಲೀತೀನಿ ಅಂತ ಗೊತ್ತಿತ್ತಾ?"

ಅವನು ಲೋಟ ಕೆಳಗಿಟ್ಟು ಎಲೆಗೆ ಸುಣ್ಣ ಸವರತೊಡಗಿದ. "ಅದೆಲ್ಲ ಎಂಗ್ ಗೊತ್ತಾದದು? ಮೊದ್ಲಿದ್ದ ಕಂಡಕ್ಟ್ರು ಕೊಳ್ಳೇಗಾಲ ಬುಟ್ಟಾಗ್ನಿಂದ ಬಂಡಳ್ಳಿ ಗಂಟ ನನ್ ಕಿವಿ ತಾವೇ ನಿಂತ್ಕಂಡು ಮಾತಾಡ್ತಿದ್ದ. ತಲೆ ಕೆಟ್ಟೋಗಿತ್ತು. ಮುಂದಕ್ಕೆ ಅವ್ನ್ ಜಾಗಕ್ಕೆ ಮಾತಾಡ್ದೆ ಇರೋನು ಒಬ್ಬ ಸಿಕ್ಲಿ ಅನ್ನಿಸ್ತು, ನೀನು ಬಂದೆ."

ಅವನು ತಮಾಷೆಗೆ ಹೇಳುತ್ತಿರಬಹುದೆಂದು ಮುಖ ನೋಡಿದೆ. ಇಲ್ಲ, ನಿಜವನ್ನೇ ಹೇಳುತ್ತಿದ್ದ. ನನ್ನಲ್ಲಿ ಅವನು ಏನನ್ನೋ ಕಂಡಿದ್ದ ಎಂದು ಅಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಎಷ್ಟೋ ಬೆಳಿಗ್ಗೆ ಹಾಸಿಗೆಯಿಂದ ಎದ್ದದ್ದು ಆ ನಂಬಿಕೆಯಿಂದಲೇ. ಈಗ ಅದು ಹಾಗಲ್ಲ ಎಂದು ತಿಳಿದರೂ ನನಗೆ ಏನೂ ಕಳೆದುಹೋದಂತೆ ಅನ್ನಿಸಲಿಲ್ಲ.

"ಆಮೇಕೆ ನೀನೂ ಸುರು ಮಾಡ್ದೆ ಬುಡು" ಎಂದ ಅವನು, ಎಲೆ ಬಾಯಿಗಿಟ್ಟುಕೊಳ್ಳುತ್ತಾ.

ಒಳಗಿನಿಂದ ಅವನ ಹೆಂಡತಿ, ಊಟ ಮಾಡಿಕೊಂಡೇ ಹೋಗಬೇಕೆಂದು ಕೂಗಿ ಹೇಳಿದಳು. ಬಿಸಿಲು ಇಳಿಯುತ್ತಿತ್ತು. ಕಾಡಿನ ಕಡೆಯಿಂದ ದನಗಳು ಬರುತ್ತಿದ್ದವು, ರಸ್ತೆಯ ಮೇಲೆ ಧೂಳು ನಿಧಾನವಾಗಿ ಕೂರುತ್ತಿತ್ತು. ನಾವಿಬ್ಬರೂ ಗೋಡೆಗೆ ಒರಗಿಕೊಂಡು, ಅಡುಗೆ ಆಗುವವರೆಗೆ, ಏನೂ ಮಾತಾಡದೆ ಕೂತಿದ್ದೆವು.